ವಂಡರ್‌ಲಾಕ್ಕ ಹೊಂಟೇವಿ, ಉಳ್ಕೊಳೂದು ಎಲ್ಲಿ? ಅತ್ತಿ ಮಣಕಾಲು, ನಾಕು ವರ್ಷದ ಹುಡುಗ, ಲೆಕ್ಕ ಹತ್ತವಲ್ದು

ಗೋಕುಲ ರೋಡ್ ವೈನಿ

ನಮಸ್ಕಾರ್ರಿ ಎಲ್ಲಾರಿಗೂ. ಈ ಸೂಟಿಯೊಳಗ ಬಿಡದಿ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರ್ಕೊಂಡ್ ಹೋಗ್ತೇನಿ ಅಂತ ನಮ್ಮ ಮನಿಯವ್ರು ಹುಡುಗರಿಗೆ ಮಾತು ಕೊಟ್ಟು ಅರಾಮ ಕುಂತಾರ, ಮಾತು ಕೊಟ್ಟಾವ್ರು ಅವ್ರು, ಗಂಟು ಬಿಚ್ಚಾಕ ಹತ್ತಿದಾಕಿ ನಾನು. ಐದ್ ಮಂದಿ ಅದೇವಿ. ನಾವಿಬ್ರು, ಮಗಳು 11, ಮಗ 4, ಮತ್ತ ನಮ್ಮ ಅತ್ತಿ. ಅತ್ತಿಗೆ 68, ಮಣಕಾಲು ನೋವು, "ನಾ ಏನ್ ಆ ತಿರುಗೂ ಗಾಲಿ ಹತ್ತಂಗಿಲ್ಲವಾ, ಹುಡುಗುರು ನೀರಾಗ ಆಡೂದಷ್ಟ ನೋಡ್ತೇನಿ" ಅಂತಾರ, ಬಿಟ್ಟು ಹೋಗೂ ಪ್ರಶ್ನೇನ ಇಲ್ಲ.

ಟಿಕೆಟ್ ವಿಚಾರ ತಿಳದೈತಿ, ಉಳ್ಕೊಳೂದ ತಿಳಿವಲ್ದು. ನಾಕು ದಾರಿ ಕಾಣಸ್ತಾವ. ಪಾರ್ಕಿಗೆ ಹಚ್ಚಿ ಅವ್ರದ ರೆಸಾರ್ಟ್ ಐತೆಲ್ಲ ಅದು ಒಂದು, ರೇಟ್ ನೋಡಿ ನಮ್ಮ ಮನಿಯವ್ರು ಎರಡು ಸಲ ಚಷ್ಮಾ ಒರೆಸ್ಕೊಂಡ್ರು. ಇಲ್ಲಾ ಬಿಡದಿ ಊರಾಗ ಲಾಡ್ಜ್, ಮೂರನೇ ಒಂದು ಪಾಲು ರೊಕ್ಕದಾಗ ಮುಗಿತೈತಿ. ಇಲ್ಲಾ ನಮ್ಮ ಮನಿಯವರ ಕಾಕಾನ ಮಗ ಬೆಂಗಳೂರು ವಿಜಯನಗರದಾಗ ಅದಾನ, "ನಮ್ಮ ಮನಿ ಇದ್ದಾಗ ಲಾಡ್ಜ್ ಅಂದ್ರ ನಾ ಮಾತ ಬಿಡ್ತೇನಿ" ಅಂತ ಆಗ್ಲೇ ಫೋನ್ ಮಾಡ್ಯಾನ. ಇಲ್ಲಾ ಮೈಸೂರಾಗ ಉಳ್ಕೊಂಡು ಅರಮನಿ ತೋರ್ಸಿ ಬರೂವಾಗ ಬಿಡದಿ ಮುಗಿಸ್ಕೊಂಡ್ ಬರೂದು. ಹೋಗಿ ಬಂದಾವ್ರು ಖರೇ ಹೇಳ್ರಿ, ಪಾರ್ಕಿನ ಬಾಗಲಾ ಮುಂದ ಮಕ್ಕೊಳ್ಳಾಕ ಅಷ್ಟು ರೊಕ್ಕ ಕೊಡೂದು ಶಾಣ್ಯಾತನಾನೋ ಹುಚ್ಚುತನಾನೋ.

ಗಿರ್ಮಿಟ್ ಪಾರ್ಸಲ್

ಹುಚ್ಚುತನ. ಕಣ್ಣು ಮುಚ್ಚಿದ್ಮ್ಯಾಲೆ ಎಲ್ಲಾ ರೂಮೂ ಒಂದ ರೀ. ಕಾಕಾನ ಮಗಾ ಕರೀಲಿಕ್ಕೆ ಹತ್ಯಾನ ಅಂದ್ರ ಹೋಗಿ ಬಿಡ್ರಿ, ಒಂದು ಡಬ್ಬಿ ಪೇಡೆ ಒಯ್ದ್ರ ಮುಗೀತು.

ಉಣಕಲ್ ಕೆರಿ ದಂಡಿ

ಗಿರ್ಮಿಟ್ ಅಣ್ಣಾರ, ನಿಮಗ ಮದುವಿ ಆಗಿಲ್ಲ ಅಂತ ಕಾಣತೈತಿ.

ವೈನಿ, ಬೀಗರ ಮನಿ ಫುಕಟ್ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ, ನಾವು ಹೋದ ವರ್ಷ ಇದ ಆಟ ಆಡಿ ಬಂದೇವಿ. ಪೇಡೆ ಡಬ್ಬಿ ಒಂದಲ್ಲ ಮೂರು, ಯಾಕಂದ್ರ ಅವ್ರ ಮ್ಯಾಲಿನ ಮನಿಯವ್ರಿಗೂ ಕೊಡ್ಬೇಕಲ್ಲ. ಆಮ್ಯಾಲೆ ಮುಂಜಾನೆ ನಾವು ಪಾರ್ಕಿಗೆ ತಯಾರಾಗಿ ನಿಂತಾಗ ಅವ್ರ ಇಬ್ರು ಹುಡುಗುರು ಬಾಗಲದಾಗ ನಿಂತು ಮುಖಾ ಮುಖಾ ನೋಡಿದ್ವು, ಬಿಟ್ಟು ಹೋಗಾಕ ಆಗತೈತೇನು, ಎರಡು ಟಿಕೆಟ್ ಹೆಚ್ಗಿ. ಸಂಜಿ ತಿರುಗಿ ಬರೂದ್ರಾಗ ಮೈಸೂರು ರೋಡಿನಾಗ ಗಾಡಿ ನಿಂತದ್ದು ನಿಂತದ್ದ, ಸಣ್ಣಾಕಿ ನನ್ನ ತೊಡಿ ಮ್ಯಾಲೆ ಮಕ್ಕೊಂಡ್ಳು, ಮನಿಗ್ ಬಂದ್ರ ಅವ್ರು ಹೋಳ್ಗಿ ಮಾಡ್ಕೊಂಡು ಕಾಯಾಕ ಹತ್ತಿದ್ರು ಪಾಪ. ನಮಗ ಕಣ್ಣು ತೆಗಿಯಾಕ ಆಗವಲ್ದು, ಅವ್ರಿಗೆ ಮಾತಾಡ್ಬೇಕು. ಒಂದ ಬಚ್ಚಲಾ, ಒಂಬತ್ತು ಮಂದಿ, ಒದ್ದಿ ಅರಬಿ ಒಂದು ರಾಶಿ. ಅವ್ರದೇನೂ ತಪ್ಪಿಲ್ಲ, ನಮ್ಮದೂ ಇಲ್ಲ. ಆದ್ರ ಪಾರ್ಕ್ ಮುಗಿಸಿದ ರಾತ್ರಿ ಮಂದಿ ಮನ್ಯಾಗ ಇರಬಾರ್ದು, ಅಷ್ಟ ನಾ ಹೇಳೂದು.

ಗೋಕುಲ ರೋಡ್ ವೈನಿ

ಅಯ್ಯ ಶಿವನ ಒದ್ದಿ ಅರಬಿ ವಿಚಾರ ನನ್ನ ತಲ್ಯಾಗ ಬಂದಿದ್ದಿಲ್ಲ 😅

ಅಪ್ಪರ್ ಬರ್ತ್

ವೈನಿ, ಎಲ್ಲಿ ಅನ್ನೂದು ಆಮ್ಯಾಲಿ ನೋಡೂನು, ಮೊದ್ಲ ಯಾವ ರಾತ್ರಿ ಅಂತ ಒಂದು ಹಾಳಿ ಮ್ಯಾಲೆ ಬರ್ಕೊಳ್ರಿ. ಬೆಂಗಳೂರು ಮಂದಿಗೆ ಈ ತ್ರಾಸ ಇಲ್ಲ, ಅವ್ರು ಮುಂಜಾನೆ ಎದ್ದು ಹೋಗಿ ಸಂಜಿಗೆ ಬರ್ತಾರ. ನಮಗ ಹುಬ್ಬಳ್ಳಿಂದ ನಾನೂರು ಕಿಲೋಮೀಟರ್ ಮ್ಯಾಲೆ. ಎಲ್ಲಾರೂ ಏನ್ ಮಾಡ್ತಾರ, ರಾತ್ರಿ ಬಸ್ ಇಲ್ಲಾ ಟ್ರೇನ್ ಹತ್ತತಾರ, ಬೆಳಕು ಹರಿಯೂದ್ರಾಗ ಬೆಂಗಳೂರಾಗ ಇಳೀತಾರ. ಪಾರ್ಕ್ ತೆಗಿಯೂದು ವಾರದ ದಿನ 11ರ ಸುಮಾರು. ರೂಮ್ ಕೊಡೂದು ಮಧ್ಯಾಹ್ನ 12ಕ್ಕ ಇಲ್ಲಾ 2ಕ್ಕ. ಅಂದ್ರ ಮುಂಜಾನೆ 6ರಿಂದ ನೀವು ಐದ್ ಮಂದಿ ಗಂಟು ಮೂಟಿ ಕಟ್ಕೊಂಡು ರಿಸೆಪ್ಷನ್ ಸೋಫಾದ ಮ್ಯಾಲೆ. ಲಗೂ ರೂಮ್ ಬೇಕಂದ್ರ ಅರ್ಧಾ ದಿನದ ರೊಕ್ಕ ಕೇಳಾವ್ರೂ ಅದಾರ. ನಿದ್ದಿ ಇಲ್ಲದ ಹುಡುಗರನ್ನ ನೀರಾಗ ಇಳಿಸಿದ್ರ ಮಧ್ಯಾಹ್ನ ಊಟಕ್ಕ ಅಳೂದು ಚಾಲೂ.

ಅದಕ ನಾ ಏನಂತೇನಿ, ಹಗಲಿ ಹೋಗ್ರಿ. ಧಾರವಾಡದಿಂದ ಮಧ್ಯಾಹ್ನ ಬಿಡೂ ವಂದೇ ಭಾರತ್ (2023ರ ಜೂನ್‌ನಾಗ ಚಾಲೂ ಆತಲ್ಲ ಅದ) ಹತ್ತಿದ್ರ ರಾತ್ರಿ 8ರ ಸುಮಾರಿಗೆ ಬೆಂಗಳೂರು. ಉಂಡು ಮಕ್ಕೊಳ್ರಿ. ಮರುದಿನ ಪಾರ್ಕ್. ಆ ಮೊದಲನೇ ರಾತ್ರಿಗೆ ಛಂದನ ರೂಮ್ ಬ್ಯಾಡಾ, ಬರೇ ನಿದ್ದಿ ಬಂದ್ರ ಸಾಕು. ರೊಕ್ಕ ಹಾಕ್ಬೇಕಾದದ್ದು ಎರಡನೇ ರಾತ್ರಿಗೆ, ಅಂದ್ರ ಪಾರ್ಕಿನಿಂದ ಹೊರಗ ಬಂದ ರಾತ್ರಿಗೆ. ಎಲ್ಲಾರೂ ಇದನ್ನ ಉಲ್ಟಾ ಮಾಡ್ತಾರ, ಹಿಂದಿನ ರಾತ್ರಿ ರೆಸಾರ್ಟಿನಾಗ ಮಕ್ಕೊಂಡು, ದಿನಾ ಎಲ್ಲಾ ನೀರಾಗ ಬಿದ್ದು, ಸಂಜಿ 6ಕ್ಕ ಒದ್ದಿ ಕೂದಲದಾಗ ಮೆಜೆಸ್ಟಿಕ್ಕಿಗೆ ಓಡ್ತಾರ ರಾತ್ರಿ ಟ್ರೇನ್ ಹಿಡಿಯಾಕ. ನಾನೂ ಮಾಡೇನಿ. ದಾವಣಗೆರಿ ತನಕ ಮಗಾ ವಾಂತಿ ಮಾಡ್ಕೊಂಡ.

ಮತ್ತೊಂದು, ಹುಬ್ಬಳ್ಳಿ ಸಿದ್ಧಾರೂಢ ಸ್ಟೇಶನ್ನಿನಾಗ ಕೋಚ್ ಎಲ್ಲಿ ಬರತೈತಿ ಅಂತ ಮೊದ್ಲ ಕೇಳಿ ಅತ್ತಿನ್ನ ಅಲ್ಲೇ ಕುಂದ್ರಸ್ರಿ. 1507 ಮೀಟರ್ ಪ್ಲಾಟ್‌ಫಾರ್ಮ್ ಅದು, ಜಗತ್ತಿನಾಗ ದೊಡ್ಡದು ಅಂತ ನಮಗ ಹೆಮ್ಮಿ ಖರೇ, ಮಣಕಾಲಿಗೆ ಏನ್ ಹೆಮ್ಮಿ.

ಹಾವೇರಿ ಏಲಕ್ಕಿ

ಅಪ್ಪರ್ ಬರ್ತ್ ಅಣ್ಣಾರ ಹೇಳಿದ್ದು ನೂರಕ್ಕ ನೂರು. ಲಾಡ್ಜ್ ಬಗ್ಗೆ ನಾ ಹೇಳ್ತೇನಿ, ಊರು ಹೆಸರು ಲಾಡ್ಜ್ ಹೆಸರು ಯಾವ್ದೂ ಹಾಕಂಗಿಲ್ಲ, ಸುಮ್ಕ ಯಾಕ ಜಗಳ. ಫೋಟೋದ ಕೆಳಗ "ಪಾರ್ಕಿನಿಂದ ನಡದು ಹೋಗೂವಷ್ಟ ಹತ್ರ" ಅಂತ ಬರದಿತ್ರಿ. ಹತ್ರನ ಇತ್ತು, ಸುಳ್ಳಲ್ಲ, ರೂಮಿನ ಕಿಟಕಿಯಾಗಿಂದ ಪಾರ್ಕಿನ ದೊಡ್ಡ ಗಾಲಿ ಕಾಣತಿತ್ತು. ನಡುವ ಹೈವೇ ಇತ್ತು. ಬೇಲಿ ಹಾಕಿದ ಹೈವೇ. ಈ ಕಡಿಯಿಂದ ಆ ಕಡಿ ದಾಟಬೇಕಂದ್ರ ಸರ್ವಿಸ್ ರೋಡಿನಾಗ ಆಟೋ ಹಿಡಿದು, ಕೆಳಸೇತುವಿ ಹುಡಿಕಿ, ಸುತ್ತ ಹಾಕಿ ಹೋಗೂದು. ಸಂಜಿ ಎಲ್ಲಾರೂ ಒಮ್ಮೆಲೆ ಹೊರಗ ಬಂದಾಗ ಆಟೋದವ ಬಾಯಿಗೆ ಬಂದಷ್ಟು ಕೇಳಿದ. ಬಿಸಿ ನೀರು ಮುಂಜಾನೆ 6ರಿಂದ 8 ಅಷ್ಟ, ಅದನ್ನ ಬಚ್ಚಲಾ ಬಾಗಲದ ಹಿಂದ ಬರದು ಅಂಟಿಸಿದ್ರು, ಅಂದ್ರ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಮ್ಯಾಲೆ ಕಾಣತೈತಿ.

ನಕಾಶೆದಾಗ ಎಷ್ಟು ಕಿಲೋಮೀಟರ್ ಅಂತ ನೋಡಬ್ಯಾಡ್ರಿ, ಯಾವ ಮಗ್ಗಲಾ ಅಂತ ನೋಡ್ರಿ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇದಾಗ ನಡುವಿನ ರಸ್ತೆದಾಗ ಆಟೋ, ಬೈಕ್ 2023ರ ಆಗಸ್ಟ್‌ನಿಂದ ಬಿಡಂಗಿಲ್ಲ, ಸರ್ವಿಸ್ ರೋಡ್ ಒಂದ ಗತಿ.

ಬ್ಯಾಡಗಿ ಖಾರ

ವೈನಿ ನಿಮ್ಮ ಮಗನ ಎತ್ತರ ಎಷ್ಟೈತಿ? ಅಲ್ಲಿ ವಯಸ್ಸಿಗಿಂತ ಎತ್ತರದ ಲೆಕ್ಕ, ಟಿಕೆಟ್ಟಿಗೂ ಅದ, ರೈಡಿಗೂ ಅದ. ಮನ್ಯಾಗ ಬಾಗಲಾ ಚೌಕಟ್ಟಿಗೆ ನಿಂದರ್ಸಿ ಪೆನ್ಸಿಲ್ ಗೆರಿ ಹಾಕಿ ಟೇಪ್ ಹಿಡೀರಿ. ನಾಕು ವರ್ಷದಾವ ದೊಡ್ಡ ರೈಡ್ ಯಾವ್ದೂ ಹತ್ತಂಗಿಲ್ಲ, ಸಣ್ಣ ಹುಡುಗರ ನೀರಿನ ಹೊಂಡ, ಒಂದೆರಡು ಗಾಲಿ, ಸಣ್ಣ ರೈಲು, ಅಷ್ಟಾಗೂದ್ರಾಗ ಮಧ್ಯಾಹ್ನ 2 ಆಗಿ ಕಣ್ಣು ಎಳಿಯಾಕ ಹತ್ತತಾವ. ನಿಮ್ಮ ಮಗಳು 11 ಅಂದ್ರ ಆಕಿ ಸಂಜಿ ಮುಚ್ಚೂತನಕ ಹೊರಗ ಬರಂಗಿಲ್ಲ ಅಂತಾಳ. ನಿಮ್ಮ ಮನಿ ಎರಡು ತುಕಡಿ ಆಗೂದು ಗ್ಯಾರಂಟಿ.

ಈಗ ಹೇಳ್ರಿ, ಆ 2 ಗಂಟೆಗೆ ಮಕ್ಕೊಂಡ ಹುಡುಗನ್ನ ಹೆಗಲ ಮ್ಯಾಲೆ ಹಾಕ್ಕೊಂಡು, ಒಂದು ಕೈಲೆ ಅತ್ತಿನ್ನ ಹಿಡ್ಕೊಂಡು ನೀವು ಎಲ್ಲಿಗ್ ಹೋಗ್ತೀರಿ? ವಿಜಯನಗರಕ್ಕ? ಚಲ್ಲಘಟ್ಟದ ತನಕ ಮೆಟ್ರೋ ಬಂದೈತಿ ಖರೇ, ಆದ್ರ ಬಿಡದಿಯಿಂದ ಚಲ್ಲಘಟ್ಟಕ್ಕ ಬರೂದ ಒಂದು ಪ್ರಯಾಣ. ರೆಸಾರ್ಟ್ ರೊಕ್ಕ ನೀವು ಕೊಡೂದು ರಾತ್ರಿಗಲ್ಲ ರೀ, ಆ ಮಧ್ಯಾಹ್ನಕ್ಕ. ನಡ್ಕೊಂತ ಹೋಗಿ ಫ್ಯಾನ್ ಕೆಳಗ ಹುಡುಗನ್ನ ಚೆಲ್ಲಿ ನೀವೂ ಕಾಲು ಚಾಚೂದಕ್ಕ.

ದೊಡ್ಡ ಹುಡುಗುರು ಇದ್ದಾವ್ರಿಗೆ ನಾ ಇದನ್ನ ಹೇಳಂಗಿಲ್ಲ. ಹನ್ನೆರಡು ದಾಟಿದ ಹುಡುಗುರು ಅಷ್ಟ ಇದ್ರ ರೂಮ್ ಎಲ್ಲಿದ್ರೇನು, ಆ ರೊಕ್ಕ ಉಳಿಸ್ರಿ.

ಹಾಂ, ಒಮ್ಮೆ ಹೊರಗ ಬಂದಾವ್ರನ್ನ ಅದ ಟಿಕೆಟ್ಟಿನ ಮ್ಯಾಲೆ ಮತ್ತ ಒಳಗ ಬಿಡ್ತಾರೇನು ಅಂತ ಬುಕ್ ಮಾಡೂ ಮುಂಚೆ ಫೋನ್ ಹಚ್ಚಿ ಕೇಳ್ರಿ. ಯಾವ ಪಾರ್ಕ್ ಆದ್ರೂ ಇದನ್ನ ಕೇಳ್ಬೇಕು.

ಗಿರ್ಮಿಟ್ ಪಾರ್ಸಲ್

ಮಧ್ಯಾಹ್ನದ ನಿದ್ದಿಗೆ ಅಷ್ಟು ರೊಕ್ಕಾ?? ನಮ್ಮ ಅವ್ವ ನಮ್ಮನ್ನ ಎಲ್ಲಮ್ಮನ ಜಾತ್ರ್ಯಾಗ ಚಕ್ಕಡಿ ಕೆಳಗ ಮಲಗಿಸ್ತಿದ್ಲು.

ಬ್ಯಾಡಗಿ ಖಾರ

ಚಕ್ಕಡಿ ಒಯ್ಯಾಕ ಬಿಟ್ರ ನಾನೂ ಒಯ್ತಿದ್ದೆ ಅಣ್ಣಾರ.

ಗದಗ ಬದನಿಕಾಯಿ ಬಜಿ

ಬಿಡದಿ ಬಿಟ್ಟು ಇಮ್ಯಾಜಿಕಾ ನೋಡೀರೇನು? ಖೋಪೋಲಿ, ಮುಂಬೈ ಪುಣೆ ನಡುವ. ನಾವು ಗದಗಿಂದ ಕಾರ್ ತಗೊಂಡು ಹೋಗಿದ್ವಿ, ಬೆಳಗಾವಿ ಕೊಲ್ಲಾಪುರ ಸಾತಾರಾ ಪುಣೆ, ಭಾಳ ದೂರ ಐತಿ, ಒಂದ ದಿನದಾಗ ಮುಟ್ಟಬೇಕಂದ್ರ ಕೋಳಿ ಕೂಗೂದ್ರಾಗ ಬಿಡ್ಬೇಕು. 2013ರಾಗ ಚಾಲೂ ಆದದ್ದು, ಥೀಮ್ ಪಾರ್ಕ್ ಬ್ಯಾರೆ, ನೀರಿನ ಪಾರ್ಕ್ ಬ್ಯಾರೆ, ಹಿಮದ್ದು ಬ್ಯಾರೆ, ಒಂದೊಂದಕ್ಕೂ ಟಿಕೆಟ್ ಬ್ಯಾರೆ, ಅದಕ ಅಲ್ಲಿ ಎರಡು ದಿನ ಬೇಕ ಬೇಕು. ಬಾಜೂಕ ನೊವೊಟೆಲ್ ಐತಿ. ನಾವು ಮೊದಲನೇ ಸಲ ಶಾಣ್ಯಾತನ ಮಾಡಿ ಲೋನಾವಳಾದಾಗ ರೂಮ್ ಹಿಡದಿದ್ವಿ, ಹವಾ ಛಂದ ಐತಿ, ಚಿಕ್ಕಿ ಸಿಗತೈತಿ ಅಂತೇಳಿ. ಲೋನಾವಳಾ ಇರೂದು ಘಾಟಿನ ಮ್ಯಾಲೆ, ಖೋಪೋಲಿ ಘಾಟಿನ ಬುಡಕ. ಶನಿವಾರ ಆ ಬೋರ್ ಘಾಟ್ ಇಳಿಯಾಕ ಎಷ್ಟೊತ್ತು ಹತ್ತತೈತಿ ಅಂತ ಆ ದಿವಸ ತಿಳೀತು, ಗಾಡಿ ಸಾಲು ಇರುವಿ ಸಾಲು ಇದ್ದಂಗ. ಎರಡನೇ ಸಲ ಕೆಳಗ ಖೋಪೋಲಿ ಕಡೆನ ಉಳ್ಕೊಂಡ್ವಿ.

ಆದ್ರ ನಮ್ಮವ್ವಗ ಆ ಟೂರ್ ಯಾಕ ಸೇರ್ತು ಅಂದ್ರ, ಅಷ್ಟವಿನಾಯಕದಾಗ ಎರಡು ಅಲ್ಲೇ ಅದಾವ. ಮಹಡದ ವರದವಿನಾಯಕ ಖೋಪೋಲಿ ಹತ್ರನ, ಪಾಲಿ ಬಲ್ಲಾಳೇಶ್ವರ ಅದ ರಸ್ತೆ ಹಿಡದು ಮುಂದ. ಹುಡುಗುರು ಅವರಪ್ಪ ಪಾರ್ಕಿನಾಗ, ನಾನು ಅವ್ವ ಗುಡ್ಯಾಗ. ಮಣಕಾಲು ನೋವು ಅನ್ನಾಕಿ ಬಲ್ಲಾಳೇಶ್ವರಗ ಐದು ಸುತ್ತು ಹಾಕಿದ್ಲು.

ಸಾಧನಕೇರಿ ಮಾಸ್ತರ

ಗದಗಿನ ತಂಗಿ ಹೇಳಿದ್ದರಾಗ ಒಂದು ಮಾತು ಭಾಳ ಮುಖ್ಯ ಐತಿ, ಪಾರ್ಕಿಗೆ ಹೋಗಲಾರದಾವ್ರಿಗೂ ಆ ದಿನಾ ಏನರ ಇರಬೇಕು ಅನ್ನೂದು.

ನಾನು ನಿವೃತ್ತ ಆದಮ್ಯಾಲೆ ಮಗಳ ಕಡೆ ಅಮೆರಿಕಾಕ್ಕ ಹೋದಾಗ ಆರ್ಲಾಂಡೋದ ಡಿಸ್ನಿ ವರ್ಲ್ಡಿಗೆ ಕರ್ಕೊಂಡ್ ಹೋಗಿದ್ರು. 1971ರಾಗ ಚಾಲೂ ಆದದ್ದು ಅದು, ಈಗ ನಾಕು ಪಾರ್ಕ್ ಅದಾವ, ಒಂದು ಸಣ್ಣ ತಾಲೂಕಿನಷ್ಟು ಜಾಗಾ. ಅಲ್ಲಿ ಉಳ್ಕೊಳೂದ ಒಂದು ಶಾಸ್ತ್ರ ಆಗೇತಿ. ಕಂಪನಿಯವರ ಹೋಟೆಲ್ಲಿನಾಗ ಮೂರು ದರ್ಜೆ, ಅಗ್ಗದ್ದು, ನಡುವಿನದು, ಭಾರಿದು. ಅಗ್ಗದ್ದರಾಗ ಇದ್ದ್ರ ಬಸ್ಸಿನ ಪಾಳಿಯೊಳಗ ನಿಂದ್ರಬೇಕು, ಭಾರಿದರಾಗ ಒಂದು ಹೋಟೆಲ್ ಒಳಗಂತೂ ಮೋನೋರೈಲು ಹಾದು ಹೋಗತೈತಿ. ಯಾವ ದರ್ಜೆ ಆದ್ರೂ ಅವರ ಹೋಟೆಲ್ಲಿನವ್ರಿಗೆ ಪಾರ್ಕ್ ಬಾಗಲಾ ದಿನಾ ಅರ್ಧಾ ತಾಸು ಮುಂಚೆ ತೆಗೀತಾರ. ನಮ್ಮ ಅಳಿಯಂದ್ರು ಹೊರಗಿನ ಹೋಟೆಲ್ ಹಿಡದು ರೊಕ್ಕ ಉಳಿಸಿದ್ರು, ಆದ್ರ ರಾತ್ರಿ ಪಟಾಕಿ ಮುಗದಮ್ಯಾಲೆ ಪಾರ್ಕಿಂಗಿಗೆ ಹೋಗೂ ಗದ್ದಲದಾಗ ನಮ್ಮ ಮೊಮ್ಮಗಾ ನನ್ನ ಧೋತರಾ ಹಿಡ್ಕೊಂಡು ನಿಂತಲ್ಲೇ ಮಕ್ಕೊಂಡ. ಮರುದಿನ ಅವ್ರು ಮಧ್ಯಾಹ್ನ ರೂಮಿಗೆ ಬಂದು, ಒಂದು ನಿದ್ದಿ ಮಾಡಿ, ಸಂಜಿ ಮತ್ತ ಹೋಗೂದು ಅಂತ ಮಾಡಿದ್ರು. ಬ್ಯಾಡಗಿಯವ್ರು ಹೇಳಿದ್ದ ಅದ. ಮಧ್ಯಾಹ್ನದ ನಿದ್ದಿಗೆ ಬ್ಯಾಡಗಿ ಆದ್ರೇನು ಫ್ಲೋರಿಡಾ ಆದ್ರೇನು.

ಗಿರ್ಮಿಟ್ ಪಾರ್ಸಲ್

ಮಾಸ್ತರ, ಧೋತರಾ ಉಟ್ಕೊಂಡು ಡಿಸ್ನಿಗೆ ಹೋಗಿದ್ರ್ಯಾ 🙏🙏

ಸಾಧನಕೇರಿ ಮಾಸ್ತರ

ಹೌದಪಾ. ಮಿಕ್ಕಿ ಮೌಸ್ ಜೋಡಿ ಫೋಟೋ ಐತಿ. ಅವನೂ ಕೈಗವಸು ಹಾಕ್ಕೊಂಡಿದ್ದ, ನನಗೊಬ್ಬಗ ಯಾಕ ನಗ್ತಿ.

ಚಿಗರಿ ಬಸ್

ಇಷ್ಟೆಲ್ಲಾ ಯಾಕ್ರಿ, ಶಿಗ್ಗಾಂವಿ ಹತ್ರ ಗೊಟಗೋಡಿ ಉತ್ಸವ ರಾಕ್ ಗಾರ್ಡನ್ ಐತಿ, ಮುಂಜಾನೆ ಹೋಗಿ ಸಂಜಿ ಮನಿಗ್ ಬಂದು ನಿಮ್ಮ ಕಾಟಿನ ಮ್ಯಾಲೆ ನೀವು ಮಕ್ಕೊಳ್ರಿ. ಉಳ್ಕೊಳೂ ಖರ್ಚು ಸೊನ್ನಿ.

ಗೋಕುಲ ರೋಡ್ ವೈನಿ

ಎರಡು ಸಲ ಆಗೇತ್ರಿ, ಮಗಳ ಸಾಲಿ ಟ್ರಿಪ್ಪಿನಾಗ ಮೂರನೇದು. ಅಲ್ಲಿ ರೊಟ್ಟಿ ಬಡಿಯೂ ಗೊಂಬಿ ನೋಡಿ ನಮ್ಮ ಅತ್ತಿ "ಹಿಟ್ಟು ಹದಾ ಆಗಿಲ್ಲ" ಅಂದ್ರು.

ಕೇಶ್ವಾಪುರ ಲೆಕ್ಕಪತ್ರ

ರೊಕ್ಕದ ಮಾತು ಬಂದೈತಿ ಅಂತ ಒಂದು ಹೇಳ್ತೇನಿ, ಭಾಳ ಮಂದಿ ಇದನ್ನ ನೋಡಂಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ರೂಮಿನ ಜಿಎಸ್‌ಟಿ ಬದ್ಲಾಗೇತಿ, ದಿನಕ್ಕ 7500 ರೂಪಾಯಿ ತನಕ ಶೇ. 5, ಅದರ ಮ್ಯಾಲೆ ಒಂದ ರೂಪಾಯಿ ಹೋದ್ರೂ ಶೇ. 18. ಅಂದ್ರ 7500ರ ರೂಮಿಗೆ ನೀವು ಕೊಡೂದು 7875, 7600ರ ರೂಮಿಗೆ 8968. ನೂರು ರೂಪಾಯಿ ಫರಕಿಗೆ ಸಾವಿರದ ಮ್ಯಾಲೆ ಹೊಡೆತ. ಎಕ್ಸ್‌ಟ್ರಾ ಬೆಡ್ ಹಾಕ್ಸಿದ್ರ ಅದರ ರೊಕ್ಕಾನೂ ರೂಮಿನ ಲೆಕ್ಕದಾಗ ಬರತೈತಿ, ಅದಕ ಐದ್ ಮಂದಿ ಇದ್ದಾಗ ಒಂದ ದೊಡ್ಡ ರೂಮ್ ಮತ್ತ ಬೆಡ್ ಅನ್ನೂದಕ್ಕಿಂತ ಎರಡು ಸಾದಾ ರೂಮ್ ಅಗ್ಗ ಬೀಳೂದೂ ಐತಿ. ಎರಡೂ ಕಡೆ ಕೂಡ್ಸಿ ನೋಡ್ರಿ. ಮತ್ತ ಆ್ಯಪಿನಾಗ ಮೊದ್ಲ ಕಾಣೂ ರೇಟ್ ನಂಬಬ್ಯಾಡ್ರಿ, ಕಡೀ ಪುಟಕ್ಕ ಹೋಗಿ ಟ್ಯಾಕ್ಸ್ ಕೂಡಿದ ಮ್ಯಾಲೆ ಎಷ್ಟು ಅಂತ ನೋಡ್ರಿ. ನಾಷ್ಟಾ ಸೇರೇತೋ ಇಲ್ಲೋ ಅದೂ ನೋಡ್ರಿ, ಐದ್ ಮಂದಿ ನಾಷ್ಟಾ ಅಂದ್ರ ಸಣ್ಣ ಮಾತಲ್ಲ.

ವಾರದ ದಿನ ಹೋದ್ರ ರೂಮೂ ಇಳಿತೈತಿ, ಟಿಕೆಟ್ಟೂ ಇಳಿತೈತಿ, ಪಾಳೀನೂ ಇಳಿತೈತಿ. ಶನಿವಾರ ರವಿವಾರ ಬಿಟ್ಟು ಹೋಗಾಕ ನಿಮಗ ರಜಾ ಸಮಸ್ಯೆ ಇಲ್ಲಲ್ಲ?

ಗೋಕುಲ ರೋಡ್ ವೈನಿ

ನಮ್ಮ ಮನಿಯವ್ರದು ಸ್ವಂತ ಅಂಗಡಿ, ಬಾಗಲಾ ಹಾಕಿದ್ರ ರಜಾ. ವಾರದ ದಿನಾನ ಹೋಗ್ತೇವಿ. ಸೋಮವಾರ ಅತ್ತೀದು ಒಪ್ಪತ್ತು, ಅದೊಂದು ದಿನ ಪಾರ್ಕಿನಾಗ ಅವ್ರನ್ನ ಕರ್ಕೊಂಡ್ ಹೋಗಾಕ ಆಗಂಗಿಲ್ಲ.

ಮೈಸೂರು ಯಾರೂ ಹೇಳವಲ್ರಿ? ಬ್ಯಾಡನು?

ಲಾಲ್‌ಬಾಗ್ ಅಲ್ಲ ಲೈನ್ ಬಜಾರ್

ನಾ ಹೇಳ್ತೇನಿ, ನಾಕು ದಿನ ಇದ್ದ್ರ ಮೈಸೂರು, ಎರಡೂವರಿ ದಿನಕ್ಕ ಬ್ಯಾಡ. ಅರಮನಿ ದೀಪ ಹಚ್ಚೂದು ರವಿವಾರ ಮತ್ತ ಸರ್ಕಾರಿ ರಜಾ ದಿನ, ಸಂಜಿ 7ಕ್ಕ. ನೀವು ವಾರದ ದಿನ ಹೊಂಟೀರಿ, ಅಷ್ಟೊತ್ತು ದೀಪ ಕಾಣಂಗಿಲ್ಲ. ಜೂ ಮಂಗಳವಾರ ಬಂದ್. ಬಿಡದಿಗೂ ಮೈಸೂರಿಗೂ ನೂರು ಕಿಲೋಮೀಟರ್ ಮ್ಯಾಲೆ, ಹೋಗಿ ಬರೂದ್ರಾಗ ಹುಡುಗುರು ಕಾರಿನಾಗ ಮಕ್ಕೊಂಡು ರಾತ್ರಿ ರೂಮಿನಾಗ ಕುಣಿತಾವ.

ಬೆಂಗಳೂರಿನ ದಾರ್ಯಾಗ ಅತ್ತಿಗೆ ಏನರ ತೋರ್ಸಬೇಕಂದ್ರ ರಾಮನಗರದ ಹತ್ರ ಜಾನಪದ ಲೋಕ ಐತಿ, ಎಚ್.ಎಲ್. ನಾಗೇಗೌಡ್ರು ಕಟ್ಟಿದ್ದು. ಬಿಡದಿಯಿಂದ ಹತ್ರ. ಮಂಗಳವಾರ ಅದಕ್ಕೂ ಸೂಟಿ, ಅದನ್ನ ನೋಡ್ಕೊಂಡು ದಿನಾ ಹಿಡೀರಿ. ತಿರುಗಿ ಬರಾಕ ಮೈಸೂರಿನಿಂದ ಬರೂ ಹಂಪಿ ಎಕ್ಸ್‌ಪ್ರೆಸ್ ರಾಮನಗರ, ಕೆಂಗೇರಿದಾಗ ನಿಲ್ತೈತಿ, ಬಳ್ಳಾರಿ ಗದಗ ಸುತ್ತಿ ಬರತೈತಿ ಹೌದು, ಆದ್ರ ಮೆಜೆಸ್ಟಿಕ್ ಗದ್ದಲಕ್ಕ ಹೋಗೂದು ತಪ್ಪತೈತಿ.

ರಾಮೋಜಿ ರಿಟರ್ನ್

ಹೈದರಾಬಾದ್ ರಾಮೋಜಿ ಫಿಲ್ಮ್ ಸಿಟಿನೂ ವಿಚಾರ ಮಾಡ್ರಿ ಮುಂದಿನ ಸಲ. ಅಲ್ಲಿ ಕಂಪೌಂಡ್ ಒಳಗ ಹೋಟೆಲ್ ಅದಾವ, ಸಿತಾರಾ ಭಾರಿದು, ತಾರಾ ಅದಕ್ಕಿಂತ ಕಡಿಮಿ, ಸಹಾರಾ ಗುಂಪಿನವ್ರಿಗೆ. 1666 ಎಕರೆ ಜಾಗಾ, ಗೇಟಿನಿಂದ ಒಳಗ ಹೋಗಾಕ ಅವ್ರದ ಬಸ್. ಊರಾಗ ಉಳ್ಕೊಂಡ್ರ ಎಲ್‌ಬಿ ನಗರದ ಕಡೆ ಉಳ್ಕೊಳ್ರಿ, ಹೈಟೆಕ್ ಸಿಟಿ ಕಡೆ ಹೋಗಿ ರೂಮ್ ಹಿಡದ್ರ ಊರಿನ ಈ ತುದಿಯಿಂದ ಆ ತುದಿ. ನಮ್ಮ ಏಜೆಂಟ್ ನಮಗ ಅದನ್ನ ಮಾಡಿದ. ಹೆಸರು ಬ್ಯಾಡ.

ಉಣಕಲ್ ಕೆರಿ ದಂಡಿ

ಊಟದ್ದು ಯಾರೂ ಹೇಳಿಲ್ಲ. ಪಾರ್ಕ್ ಒಳಗ ಹೊರಗಿನ ಊಟ ಬಿಡಂಗಿಲ್ಲ, ಗೇಟಿನ ಹತ್ರ ಚೀಲಾ ನೋಡ್ತಾರ, ನನ್ನ ಚಕ್ಕುಲಿ ಡಬ್ಬಿ ಅಲ್ಲೇ ಉಳೀತು. ಅತ್ತಿ ಇದ್ದಾರಂದ್ರ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಕೊಂಡ ಹೋಗ್ತೀರಿ, ಅದನ್ನ ತಿನ್ನಾಕ ಒಂದು ಜಾಗಾ ಬೇಕಲ್ಲ, ಅದೂ ರೂಮ ಆಗತೈತಿ. ನೈಲಾನ್ ಅರಬಿ ಮನಿಯಿಂದನ ಒಯ್ರಿ, ಕಾಟನ್ ಹಾಕ್ಕೊಂಡು ನೀರಿಗೆ ಬಿಡಂಗಿಲ್ಲ, ಅಲ್ಲೇ ಕೊಳ್ಳಾಕ ಹೋದ್ರ ರೇಟ್ ಕೇಳಿ ಬಾಯಿ ತೆಗಿತೀರಿ. ಬಿಡದಿ ತಟ್ಟೆ ಇಡ್ಲಿ ಬಿಡಬ್ಯಾಡ್ರಿ ಮತ್ತ.

ಗೋಕುಲ ರೋಡ್ ವೈನಿ

ಎಲ್ಲಾರೂ ಹೇಳಿದ್ದು ಕೂಡ್ಸಿ ಕಳದು ಒಂದು ಮಾಡೇವಿ. ಸೋಮವಾರ ಮಧ್ಯಾಹ್ನ ವಂದೇ ಭಾರತ್, ರಾತ್ರಿ ಕಾಕಾನ ಮಗನ ಮನಿ (ಒಂದ ರಾತ್ರಿ, ಅವನ ಮಾತೂ ಉಳೀತು, ಅತ್ತೀ ಒಪ್ಪತ್ತಿನ ಊಟಾನೂ ಆತು). ಮಂಗಳವಾರ ಮುಂಜಾನೆ ರೆಸಾರ್ಟಿಗೆ ಚೀಲಾ ಒಗದು ಪಾರ್ಕ್. ಆ ರಾತ್ರಿ ರೆಸಾರ್ಟ್. ಬುಧವಾರ ಜಾನಪದ ಲೋಕ, ರಾತ್ರಿ ಹಂಪಿ. ಮನಿಯವ್ರು ಮತ್ತ ಚಷ್ಮಾ ಒರೆಸ್ಕೊಂಡ್ರು, ಆದ್ರ ಹೂಂ ಅಂದ್ರು. ಕಾಕಾನ ಮಗನ ಹುಡುಗರಿಗೆ ಮಂಗಳವಾರ ಟ್ಯೂಶನ್ ಐತಿ ಅಂತ, ದೇವ್ರು ದೊಡ್ಡಾವ.

ಅಪ್ಪರ್ ಬರ್ತ್

ಚೊಲೋ ಆತು. ಬಂದಮ್ಯಾಲೆ ಬರೀರಿ ಹೆಂಗಾತು ಅಂತ. ಎಲ್ಲಾರೂ ಕೇಳೂತನಕ ಇರ್ತಾರ, ಬಂದು ಹೇಳಾವ್ರು ಯಾರೂ ಇಲ್ಲ ಇಲ್ಲಿ.

ಗೋಕುಲ ರೋಡ್ ವೈನಿ

ಬಂದೇವ್ರಿ. ಅಪ್ಪರ್ ಬರ್ತ್ ಅಣ್ಣಾರು ಬೈತಾರಂತ ಅರಬಿ ಒಗಿಯೂ ಮುಂಚೆನ ಬರಿಯಾಕ ಹತ್ತೇನಿ.

ಮುಂಜಾನೆ 10ಕ್ಕ ರೆಸಾರ್ಟ್ ಮುಟ್ಟಿದ್ವಿ, ರೂಮ್ ಇನ್ನೂ ಆಗಿಲ್ಲ ಅಂದ್ರು, ಚೀಲಾ ಇಸ್ಕೊಂಡು ಚೀಟಿ ಕೊಟ್ರು. ಮಗಾ ಹೊಂಡದಾಗ ಒಂದೂವರಿ ತಾಸು ಬಿದ್ದು ತುಟಿ ನೀಲಿ ಮಾಡ್ಕೊಂಡ. ಅತ್ತಿ ನೆರಳಿನಾಗ ಕುಂತು ಎಲ್ಲಾ ನೋಡಿದ್ರು, ಆ ಉಲ್ಟಾ ಹೋಗೂ ರೋಲರ್ ಕೋಸ್ಟರ್ ನೋಡಿ "ರೊಕ್ಕ ಕೊಟ್ಟು ಚೀರತಾರಲ್ಲ" ಅಂದ್ರು. ಬ್ಯಾಡಗಿಯವ್ರು ಗಡಿಯಾರ ಇಟ್ಕೊಂಡು ಹೇಳಿದ್ರೋ ಏನೋ, 2 ಹೊಡಿಯೂದ್ರಾಗ ಮಗಾ ಹೆಗಲ ಮ್ಯಾಲೆ. ನಾನು, ಅತ್ತಿ, ಮಗಾ ಹೊರಗ ಬಂದ್ವಿ, ಅಪ್ಪ ಮಗಳು ಒಳಗ ಉಳದ್ರು. ರೂಮ್ ತಯಾರಿತ್ತು. ಮಗಾ 5ರ ತನಕ ಏಳಲಿಲ್ಲ. ನಾನೂ ಏಳಲಿಲ್ಲ. ಮದುವಿ ಆಗಿ ಹದಿಮೂರು ವರ್ಷದಾಗ ಮಧ್ಯಾಹ್ನ ಮೂರು ತಾಸು ನಾ ಮಕ್ಕೊಂಡಿದ್ದು ಅದ ಮೊದ್ಲ ಅನಸ್ತೈತಿ, ಎದ್ದು ನೋಡಿದ್ರ ಅತ್ತಿ ಬಾಲ್ಕನಿಯಾಗ ಕುಂತು ರೊಟ್ಟಿ ಹಿಂಡಿ ತಿನ್ನಾಕ ಹತ್ತಿದ್ರು, ನನಗ ಎಬ್ಬಿಸಲಿಲ್ಲ. "ಮಕ್ಕೊಳವಾ, ಇದಕ್ಕೂ ರೊಕ್ಕ ಕೊಟ್ಟೀವಲ್ಲ" ಅಂದ್ರು.

ಹುಳುಕು ಅಂದ್ರ ರಾತ್ರಿ ಊಟ. ಹೋಟೆಲ್ ಊಟ ನಮ್ಮವ್ರಿಗೆ ಸಪ್ಪಗ, ರೇಟ್ ಖಾರ. ಮತ್ತ ಒಂದ ರೂಮಿನಾಗ ಐದ್ ಮಂದಿ ಇಕ್ಕಟ್ಟಾತು, ಲೆಕ್ಕಪತ್ರ ಅಣ್ಣಾರು ಹೇಳಿದಂಗ ಎರಡು ಕಡೆ ಕೂಡ್ಸಿ ನೋಡ್ಬೇಕಿತ್ತು, ನಾವು ನೋಡ್ಲಿಲ್ಲ.

ಬುಧವಾರ ಜಾನಪದ ಲೋಕ. ಬೀಸೂಕಲ್ಲು, ಒನಕಿ, ಕೂರಗಿ, ಧಾನ್ಯದ ವಾಡೆ. ಅತ್ತಿ ಒಂದೊಂದರ ಮುಂದೂ ನಿಂತು ಮೊಮ್ಮಗಳಿಗೆ ಹೇಳಿದ್ದ ಹೇಳಿದ್ದು, ಮಣಕಾಲು ನೆನಪಿಲ್ಲ ಅವ್ರಿಗೆ. ಕಡೀಕ ಒಂದು ಒಳ್ಳು ನೋಡಿ ನನ್ನ ಕಡೆ ತಿರುಗಿ, "ಇಂಥಾದ್ದ ನಮ್ಮ ಹಿತ್ತಲದಾಗ ಕೋಳಿಗೆ ನೀರಿಡಾಕ ಇಟ್ಟೀ ನೀನು" ಅಂದ್ರು.

ಬ್ಯಾಡಗಿ ಖಾರ

😂😂 ಒಳಗ ತಗೊಂಡ್ರ್ಯಾ ಇಲ್ಲಾ?

ಗೋಕುಲ ರೋಡ್ ವೈನಿ

ಬಂದ ದಿವಸನ ತೊಳಸಿದ್ರು. ಈಗ ಕೋಳಿಗೆ ಎಲ್ಲಿ ನೀರಿಡೂದು ಅಂತ ಬ್ಯಾರೆ ಚರ್ಚಾ ನಡದೈತಿ.

ಹಾವೇರಿ ಏಲಕ್ಕಿ

ವೈನಿ ಒದ್ದಿ ಅರಬಿ ಏನ್ ಮಾಡಿದ್ರಿ? ನಾವು ಮುಂದಿನ ತಿಂಗಳ ಹೊಂಟೇವಿ.

ಗೋಕುಲ ರೋಡ್ ವೈನಿ

ಮನಿಯಿಂದ ಒಂದು ನುಲಕಿ ಹಗ್ಗ, ಹತ್ತು ಕ್ಲಿಪ್ ಒಯ್ದಿದ್ದೆ. ಬಾಲ್ಕನಿಯಾಗ ಕಟ್ಟಬ್ಯಾಡ್ರಿ ಅಂದ್ರು, ಬಚ್ಚಲದಾಗ ಕಟ್ಟಿ ಫ್ಯಾನ್ ಹಾಕಿ ಬಾಗಲಾ ತೆಗದು ಇಟ್ಟೆ, ಮುಂಜಾನೆಗೆ ಮುಕ್ಕಾಲು ಒಣಗಿದ್ವು. ಉಳಿದದ್ದು ಹಂಪಿ ಎಕ್ಸ್‌ಪ್ರೆಸ್ ಕಿಟಕಿಗೆ ಕಟ್ಟಿದ್ವಿ, ಬಳ್ಳಾರಿ ಬಿಸಲಿಗೆ ಗರಿ ಗರಿ ಆದ್ವು. ಹಗ್ಗ ಮಾತ್ರ ಬಚ್ಚಲದಾಗ ಮರತು ಬಂದೇನಿ, ಯಾರರ ಹೋದ್ರ ತಗೊಂಡ್ ಬರ್ರಿ.